ತಪ್ಪು ನೋಟಿಸಿಗೆ ಮೌನ ಉತ್ತರವಲ್ಲ

ಬೆಂಗಳೂರಿನ ಸಂಸ್ಕರಣಾ ಕೇಂದ್ರದಿಂದ ಆದಾಯ ತೆರಿಗೆ ನೋಟಿಸು ಬಂತೆಂದರೆ ಮುಂಬಯಿಯ ನಮ್ಮ ನೌಕರವರ್ಗದವರಲ್ಲಿ ಕೆಲವರು ಹೆದರಿ ಹಣ ಕಟ್ಟಿಬಿಡುತ್ತಾರೆ. ಇನ್ನು ಕೆಲವರು ‘ತಪ್ಪು ನಮ್ಮದಲ್ಲವಲ್ಲ’ ಎಂದು ಸುಮ್ಮನಿರುತ್ತಾರೆ. ಎರಡರಲ್ಲೂ ನಷ್ಟ ನಮಗೇ.

ಮೊದಲು ನೋಟಿಸು ಅಸಲಿಯೇ ಎಂದು ನೋಡಬೇಕು. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಡಿನ್ ಸಂಖ್ಯೆ ಕಡ್ಡಾಯವಾಗಿದ್ದು, ಅದನ್ನು ಇಲಾಖೆಯ ಪೋರ್ಟಲ್‌ನಲ್ಲಿ ಪರೀಕ್ಷಿಸಬಹುದು.

ಸಾಮಾನ್ಯವಾಗಿ ಕಾಣುವ ತಕರಾರು ಟಿಡಿಎಸ್‌ನದು. ಸಂಬಳದಿಂದ ತೆರಿಗೆ ಮುರಿದುಕೊಂಡ ಕಂಪೆನಿ ಅದನ್ನು ಕಟ್ಟದಿದ್ದರೆ ಅಥವಾ ಪ್ಯಾನ್ ಸಂಖ್ಯೆ ತಪ್ಪು ಬರೆದರೆ, ಬಾಕಿ ನೌಕರನ ತಲೆಗೆ ಬರುತ್ತದೆ. ಆದರೆ ಮುರಿದುಕೊಂಡಷ್ಟು ತೆರಿಗೆಯನ್ನು ಅವನಿಂದ ಮತ್ತೆ ಕೇಳಲು ಕಾನೂನಿನಲ್ಲಿ ಅವಕಾಶವಿಲ್ಲ. ಇಂಥ ಬಾಕಿಯನ್ನು ಬಲವಂತವಾಗಿ ವಸೂಲು ಮಾಡಬಾರದೆಂದು ನೇರ ತೆರಿಗೆ ಮಂಡಳಿ 2015ರ ಜೂನ್‌ನಲ್ಲೇ ಅಧಿಕಾರಿಗಳಿಗೆ ಸೂಚಿಸಿದೆ.

ಆದರೂ ಕಂಪ್ಯೂಟರಿಗೆ ಕಾಣುವುದು ದಾಖಲೆಯಲ್ಲಿರುವ ಅಂಕಿ ಮಾತ್ರ. ರಿಟರ್ನಿನ ಲೆಕ್ಕ ಬದಲಿಸುವ ಪ್ರಸ್ತಾವಕ್ಕೆ 30 ದಿನಗಳೊಳಗೆ ಉತ್ತರಿಸದಿದ್ದರೆ ಬದಲಾವಣೆ ಆಗಿಯೇ ಹೋಗುತ್ತದೆ. ಬಾಕಿ ಹಾಗೇ ಉಳಿದರೆ ಮುಂದಿನ ವರ್ಷದ ರಿಫಂಡಿಗೆ ಕತ್ತರಿ ಬೀಳುತ್ತದೆ.

ಆದ್ದರಿಂದ ಪೋರ್ಟಲ್‌ನಲ್ಲೇ ‘ಬಾಕಿ ಒಪ್ಪುವುದಿಲ್ಲ’ ಎಂದು ಕಾರಣಸಹಿತ ತಿಳಿಸಿ, ಸಂಬಳದ ಚೀಟಿ ಮತ್ತು ಟಿಡಿಎಸ್ ಪ್ರಮಾಣಪತ್ರ ಜೋಪಾನವಾಗಿಡಬೇಕು. ಕಂಪೆನಿಯಿಂದ ಟಿಡಿಎಸ್ ಲೆಕ್ಕ ತಿದ್ದಿಸಿ, ಬಳಿಕ ತಿದ್ದುಪಡಿ ಅರ್ಜಿ ಹಾಕಬೇಕು. ಸ್ವೀಕೃತಿ ಸಂಖ್ಯೆಯೇ ಮುಂದಿನ ಆಧಾರ.

ನಮ್ಮ ಸಂಘಗಳಲ್ಲಿ ಲೆಕ್ಕಪರಿಶೋಧಕರಿಗೆ ಕೊರತೆಯಿಲ್ಲ. ವಾರ್ಷಿಕೋತ್ಸವದ ಜೊತೆಗೆ ತಿಂಗಳಿಗೊಂದು ಭಾನುವಾರ ಈ ಸೇವೆಗೆ ಮೀಸಲಿಟ್ಟರೆ, ನಿವೃತ್ತ ಹಿರಿಯರಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.