ಕೂಡ್ಲಿಗಿ ರಸ್ತೆಗೆ ಪ್ಯಾಡಲ್ ಯಾಕೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಬೆಂಗಳೂರು ಸೇರಿ ಕೈತುಂಬ ಸಂಬಳ ಎಣಿಸುವ ಹುಡುಗರಿಗೆ ಈಗ ಬರೀ ಕಾರು ಸಾಲದು, ‘ಪಿಕಪ್’ ಇರುವ ಕಾರು ಬೇಕು. ಫೆರಾರಿ, ಪೋರ್ಶೆ ಕೈಗೆಟುಕುವ ಮಾತಲ್ಲ. ಎಟುಕುವುದೆಂದರೆ ಹ್ಯುಂಡೈ ಐ20 ಎನ್ ಲೈನ್, ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿಯಂಥವು. ಮೊದಲನೆಯದು ಒಂದು ಲೀಟರ್ ಟರ್ಬೊ ಎಂಜಿನ್‌ನಿಂದ 120 ಪಿಎಸ್ ಶಕ್ತಿ ಹೊರಡಿಸಿದರೆ, ಎರಡನೆಯದು ಒಂದೂವರೆ ಲೀಟರಿಗೆ 150 ಪಿಎಸ್ ಕೊಡುತ್ತದೆ. ಶೋರೂಮಿನಲ್ಲಿ ಬಣ್ಣ ಗೊತ್ತಾದ ಮೇಲೆ ಉಳಿಯುವ ತಕರಾರು ಒಂದೇ. ಗೇರ್ ಗಾಡಿಯೋ, ಸ್ಟೀರಿಂಗ್ ಹಿಂದೆ ಪ್ಯಾಡಲ್ ಇರುವ ಆಟೊಮ್ಯಾಟಿಕ್ಕೋ?

ಸೇಲ್ಸ್‌ನವರು ಪ್ಯಾಡಲ್ ಕಡೆಗೇ ಕೈ ತೋರಿಸುತ್ತಾರೆ. ಊರಿನ ರಸ್ತೆ ಬಲ್ಲವರು ಗೇರ್ ಗಾಡಿಯನ್ನೇ ಹೇಳಬೇಕು.

ಪ್ಯಾಡಲ್ ಹುಟ್ಟಿದ್ದು ರೇಸಿಗಾಗಿ. 1989ರ ಮಾರ್ಚ್ 26ರಂದು ಬ್ರೆಜಿಲ್ ಗ್ರ್ಯಾನ್ ಪ್ರಿಯಲ್ಲಿ ನೈಜೆಲ್ ಮ್ಯಾನ್ಸೆಲ್ ಓಡಿಸಿದ ಫೆರಾರಿ 640 ಕಾರಿನಲ್ಲಿ ಗೇರ್ ಹಾಕಲು ಸನ್ನೆ ಇರಲಿಲ್ಲ, ಸ್ಟೀರಿಂಗ್ ಚಕ್ರದ ಹಿಂದೆ ಎರಡು ಪಟ್ಟಿಗಳಿದ್ದವು. ವಿನ್ಯಾಸಕ ಜಾನ್ ಬರ್ನಾರ್ಡ್‌ನ ಈ ಹೊಸ ಗೇರ್ ಪೆಟ್ಟಿಗೆ ಪರೀಕ್ಷೆಯಲ್ಲಿ ಪದೇ ಪದೇ ಕೈಕೊಟ್ಟಿತ್ತು. ಹೇಗೂ ಅರ್ಧಕ್ಕೇ ನಿಲ್ಲುತ್ತದೆಂದು ಮ್ಯಾನ್ಸೆಲ್ ಬೇಗ ಹೊರಡುವ ವಿಮಾನಕ್ಕೆ ಟಿಕೆಟ್ ಮಾಡಿಸಿಟ್ಟಿದ್ದರಂತೆ. ರೇಸ್ ಗೆದ್ದರು, ವಿಮಾನ ತಪ್ಪಿತು. 1997ರಲ್ಲಿ ಅದೇ ಪ್ಯಾಡಲ್ ಫೆರಾರಿ ಎಫ್355 ಮೂಲಕ ಸಾಮಾನ್ಯ ರಸ್ತೆಗೆ ಇಳಿಯಿತು. 2003ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32 ಎರಡು ಕ್ಲಚ್ಚಿನ ಡಿಎಸ್‌ಜಿ ತಂದಿತು. ಒಂದು ಕ್ಲಚ್ಚಿಗೆ 1, 3, 5ನೇ ಗೇರು, ಇನ್ನೊಂದಕ್ಕೆ 2, 4, 6. ಒಂದು ಗೇರ್ ಎಳೆಯುತ್ತಿರುವಾಗಲೇ ಮುಂದಿನದು ಸಿದ್ಧವಾಗಿ ಕೂತಿರುತ್ತದೆ. ಎಷ್ಟೇ ಪಳಗಿದ ಕೈಯಾದರೂ ಆ ವೇಗದಲ್ಲಿ ಗೇರ್ ಬದಲಿಸಲಾರದು. ಇದರಲ್ಲಿ ವಾದವೇ ಇಲ್ಲ.

ವಾದ ಇರುವುದು ಆ ವೇಗ ಎಲ್ಲಿ ಬೇಕು ಎನ್ನುವುದರಲ್ಲಿ. ಚತುಷ್ಪಥ ಹೆದ್ದಾರಿಯಲ್ಲಿ ಕಾರಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಪಡಿಸಿದ ಗರಿಷ್ಠ ಮಿತಿ ಗಂಟೆಗೆ 100 ಕಿ.ಮೀ. ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಟಾಪ್ ಗೇರಿಗೆ ಹಾಕಿಬಿಟ್ಟರೆ ಕೂಡ್ಲಿಗಿವರೆಗೆ ಮತ್ತೆ ಗೇರಿನ ನೆನಪೇ ಆಗುವುದಿಲ್ಲ. ಅಲ್ಲಿ ಎರಡೂ ಒಂದೇ.

ಕೂಡ್ಲಿಗಿಯಲ್ಲಿ ಹೆದ್ದಾರಿ ಬಿಟ್ಟು ಕೊಟ್ಟೂರಿನ ಕಡೆ ತಿರುಗಿದ ಮೇಲೆ ಲೆಕ್ಕ ಬೇರೆ. ಸುಗ್ಗಿ ಕಾಲದಲ್ಲಿ ಹರಪನಹಳ್ಳಿ ದಾರಿಯ ಅರ್ಧ ಅಗಲಕ್ಕೆ ಮೆಕ್ಕೆಜೋಳ ಒಣಗಲು ಹರಡಿರುತ್ತದೆ, ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಎದುರಿಗೆ ಕುರಿಮಂದೆ, ಮುಂದೆ ಲೋಡು ತುಂಬಿದ ಟ್ರ್ಯಾಕ್ಟರ್, ಅದರ ಟ್ರೈಲಿಗೆ ಹಿಂದೀಪವಿಲ್ಲ. ಭರತ ಹುಣ್ಣಿಮೆ ಹೊತ್ತಿಗೆ ಮೈಲಾರದ ಕಾರಣಿಕಕ್ಕೆ ಹೊರಟ ಎತ್ತಿನ ಗಾಡಿಗಳು, ಕೊಟ್ಟೂರೇಶ್ವರನ ತೇರಿಗೆ ನಡೆದು ಹೊರಟ ಪಾದಯಾತ್ರಿಗಳು. ಇಂಥ ಕಡೆ ಟ್ರ್ಯಾಕ್ಟರ್ ದಾಟುವ ಚಾಲಕ ಮಾಡುವುದನ್ನು ನೋಡಿ. ಬಲಕ್ಕೆ ಅರ್ಧ ಅಡಿ ಸರಿದು ಇಣುಕುತ್ತಾನೆ, ರಸ್ತೆ ಖಾಲಿ ಕಂಡಿತೋ ಇಲ್ಲವೋ ಆಗಲೇ ಎಡಗೈ ನಾಲ್ಕರಿಂದ ಮೂರಕ್ಕೋ ಎರಡಕ್ಕೋ ಇಳಿಸಿ ಆಗಿರುತ್ತದೆ. ಎಂಜಿನ್ ಕೂಗು ಬದಲಾಗುತ್ತದೆ, ಗಾಡಿ ಮುಂದಕ್ಕೆ ಹಾರುತ್ತದೆ. ರಸ್ತೆ ಮೊದಲು ಕಂಡದ್ದು ಕಣ್ಣಿಗೆ, ಗೇರ್ ಇಳಿದದ್ದು ಆ ಕಣ್ಣಿನ ಹಿಂದೆಯೇ. ಆಟೊಮ್ಯಾಟಿಕ್ ಪೆಟ್ಟಿಗೆಗೆ ರಸ್ತೆ ಕಾಣುವುದಿಲ್ಲ. ಆಕ್ಸಿಲರೇಟರ್ ಅದುಮಿದ ಮೇಲೆಯೇ ಅದಕ್ಕೆ ಸುದ್ದಿ ತಿಳಿಯುವುದು.

ಅದಕ್ಕೇ ತಾನೆ ಪ್ಯಾಡಲ್ ಇರುವುದು ಎನ್ನಬಹುದು. ಮೊದಲೇ ಎರಡು ಸಲ ಎಡಗಡೆಯದನ್ನು ಎಳೆದರೆ ಗೇರ್ ಇಳಿಯುತ್ತದೆ, ನಿಜ. ಸಂಡೂರಿನ ಘಾಟಿ ಇಳಿಯುವಾಗ ಎರಡೂ ಕೈ ಸ್ಟೀರಿಂಗ್ ಮೇಲಿಟ್ಟುಕೊಂಡೇ ಎಂಜಿನ್ ಬ್ರೇಕ್ ಪಡೆಯಬಹುದು ಎನ್ನುವುದೂ ಸಣ್ಣ ಅನುಕೂಲವಲ್ಲ. ಡೀಸೆಲ್ ಉಳಿಸುತ್ತೇನೆಂದು ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಬಿಡುವ ನಮ್ಮ ಕಡೆಯ ಕೆಟ್ಟ ಚಾಳಿಗಿಂತ ಅದು ನೂರು ಪಾಲು ಲೇಸು. ಆದರೆ ಪ್ಯಾಡಲ್ ಎಳೆಯುವುದು ಅರ್ಜಿ ಹಾಕಿದಂತೆ, ಮಂಜೂರು ಮಾಡುವುದು ಕಂಪ್ಯೂಟರ್. ಎಂಜಿನ್ ಸುತ್ತು ಮಿತಿ ಮೀರುತ್ತದೆ ಅನಿಸಿದರೆ ಗೇರ್ ಇಳಿಸುವುದಿಲ್ಲ. ಎಷ್ಟೋ ಕಾರುಗಳಲ್ಲಿ ಪ್ಯಾಡಲ್ ಮುಟ್ಟದೆ ಸ್ವಲ್ಪ ಹೊತ್ತು ಬಿಟ್ಟರೆ ಅದಾಗಿಯೇ ‘ಡಿ’ಗೆ, ಅಂದರೆ ಪೂರಾ ಆಟೊಮ್ಯಾಟಿಕ್‌ಗೆ, ಮರಳುತ್ತದೆ. ಎಂಜಿನ್ ಒಡೆಯದಂತೆ ಕಾಯುವ ಈ ಜಾಣತನ ಒಳ್ಳೆಯದೇ. ಆದರೆ ‘ನೀವೇ ಓಡಿಸುತ್ತಿದ್ದೀರಿ’ ಎಂದು ಜಾಹೀರಾತಿನಲ್ಲಿ ಹೇಳಿ ಹಣ ಕೇಳುವುದು ಸರಿಯಲ್ಲ.

ಇನ್ನು ಸಿವಿಟಿ ಗಾಡಿಗಳಿಗೂ ಪ್ಯಾಡಲ್ ಅಂಟಿಸಿ ಮಾರುತ್ತಾರೆ. ಅದರೊಳಗೆ ಗೇರೇ ಇಲ್ಲ, ಇರುವುದು ಅಗಲ ಬದಲಾಗುವ ಎರಡು ಪುಲ್ಲಿ, ಅವುಗಳ ನಡುವೆ ಒಂದು ಬೆಲ್ಟು. ಇಲ್ಲದ ಗೇರನ್ನು ಇದ್ದಂತೆ ತೋರಿಸುವ ನಾಟಕ ಇದು. 2023ರಲ್ಲಿ ಬಂದ ಹ್ಯುಂಡೈ ಐಯಾನಿಕ್ 5 ಎನ್ ಎಲೆಕ್ಟ್ರಿಕ್ ಕಾರು ಇದನ್ನೂ ಮೀರಿಸಿತು. ಎಂಟು ಸುಳ್ಳು ಗೇರುಗಳನ್ನು ಸೃಷ್ಟಿಸಿ, ಬದಲಿಸಿದಾಗ ಬೇಕೆಂದೇ ಒಂದು ಜಗ್ಗು ಕೊಡುತ್ತದೆ! 2001ರಲ್ಲೇ ಗೇರಿನ ಗೊಡವೆಯಿಲ್ಲದ ರೇವಾ ಕಾರು ಮಾಡಿದ ಬೆಂಗಳೂರಿನವರು ಇದನ್ನು ಕಂಡು ನಗಬೇಕು.

ಗೇರ್ ಗಾಡಿಯ ಪರ ಮಾತಾಡುವವರು ಹಳೆಯ ಕಾಲದವರು ಎಂದು ತಳ್ಳಿಹಾಕುವಂತಿಲ್ಲ. 2013ರಲ್ಲಿ ಪೋರ್ಶೆ ತನ್ನ 911 ಜಿಟಿ3 ಕಾರನ್ನು ಪ್ಯಾಡಲ್ ಪೆಟ್ಟಿಗೆಯಲ್ಲಿ ಮಾತ್ರ ಕೊಟ್ಟಿತು. ಅಭಿಮಾನಿಗಳು ಸುಮ್ಮನಿರಲಿಲ್ಲ. 2016ರಲ್ಲಿ ಬಂದ 911 ಆರ್ ಪೂರಾ ಮ್ಯಾನುಯಲ್, 2017ರಲ್ಲಿ ಜಿಟಿ3ಗೂ ಮ್ಯಾನುಯಲ್ ಮರಳಿತು. ನಮ್ಮ ದೇಶದಲ್ಲೂ ಇದೇ ನಡೆದಿದೆ. ವರ್ಟಸ್ ಜಿಟಿ 2022ರಲ್ಲಿ ಬಂದಾಗ ಡಿಎಸ್‌ಜಿ ಮಾತ್ರ ಇತ್ತು, ಮರುವರ್ಷ ಮ್ಯಾನುಯಲ್ ಸೇರಿತು. 2021ರ ಐ20 ಎನ್ ಲೈನ್‌ನಲ್ಲಿ ಕ್ಲಚ್ ಪೆಡಲ್ಲೇ ಇಲ್ಲದ ‘ಐಎಂಟಿ’ ಕೊಟ್ಟಿದ್ದ ಹ್ಯುಂಡೈ 2023ರಲ್ಲಿ ಅದನ್ನು ಕಿತ್ತು ಕ್ಲಚ್ ಸಮೇತ ಆರು ಗೇರಿನ ಮ್ಯಾನುಯಲ್ ಇಟ್ಟಿತು. ತೆಗೆದ ಕ್ಲಚ್ಚನ್ನು ಕಂಪನಿಯೇ ವಾಪಸು ಹಾಕಿದೆ ಎಂದರೆ ಕೇಳುವವರು ಇದ್ದಾರೆ ಎಂದೇ ಅರ್ಥ.

ಕೆಟ್ಟಾಗ ಏನು ಎನ್ನುವುದು ಹಳ್ಳಿ ಕಡೆಯ ಮೊದಲ ಪ್ರಶ್ನೆ. ಗೇರ್ ಗಾಡಿಯ ಕ್ಲಚ್ ಪ್ಲೇಟು ಸವೆದರೆ ಗೇರ್‌ಬಾಕ್ಸ್ ಇಳಿಸಿ ಹೊಸದು ಹಾಕಬಲ್ಲ ಮೆಕ್ಯಾನಿಕ್ ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತಾನೆ. ಬ್ಯಾಟರಿ ಇಳಿದರೆ ನಾಲ್ಕು ಜನ ನೂಕಿ ಸ್ಟಾರ್ಟ್ ಮಾಡಬಹುದು, ಆಟೊಮ್ಯಾಟಿಕ್ ಆದರೆ ಅದೂ ಇಲ್ಲ. ಡ್ಯುಯಲ್ ಕ್ಲಚ್ಚಿನಲ್ಲಿ ಕ್ಲಚ್ಚಿಗೆ ಆಜ್ಞೆ ಕೊಡುವ ವಿದ್ಯುತ್ ಘಟಕವೇ ಹದಗೆಟ್ಟರೆ ಕಂಪ್ಯೂಟರ್ ಹಚ್ಚಿ ನೋಡುವವರು ಬೇಕು, ಕಂಪನಿ ಸರ್ವಿಸ್ ಸೆಂಟರಿಗೆ ಟೋಯಿಂಗ್ ಮಾಡಿಸಿಕೊಂಡು ಹೋಗಬೇಕು. ದೊಡ್ಡ ಕಂಪನಿಗಳೂ ಇಲ್ಲಿ ಎಡವಿವೆ. 7 ಗೇರಿನ ಡಿಎಸ್‌ಜಿ ಇದ್ದ ಸುಮಾರು 16 ಲಕ್ಷ ಕಾರುಗಳನ್ನು ಫೋಕ್ಸ್‌ವ್ಯಾಗನ್ 2013ರಲ್ಲಿ ಗೇರ್‌ಬಾಕ್ಸ್ ಎಣ್ಣೆ ಬದಲಿಸಲು ಜಗತ್ತಿನಾದ್ಯಂತ ವಾಪಸು ಕರೆಸಿತ್ತು. ಒಣ ಕ್ಲಚ್ಚಿನ ಪೆಟ್ಟಿಗೆಗೆ ತೇರಿನ ದಿನದ ಕೊಟ್ಟೂರಿನಂಥ ತೆವಳುವ ಸಂಚಾರವೂ, ಹಂಪಿನ ಮೇಲೆ ಹಂಪೂ ಆಗಿಬರುವುದಿಲ್ಲ. ಅದು ಕಾಯುತ್ತದೆ.

ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ದಿನಾ ಎರಡು ಹೊತ್ತು ನಿಲ್ಲುವವರ ಎಡಗಾಲಿನ ನೋವನ್ನು ಯಾರೂ ಅಲ್ಲಗಳೆಯಲಾರರು. ಮಂಡಿ ನೋವಿನವರು, ಎಡಗಾಲಿನಲ್ಲಿ ಬಲವಿಲ್ಲದವರು ಸ್ವತಂತ್ರವಾಗಿ ಓಡಾಡುತ್ತಿರುವುದು ಆಟೊಮ್ಯಾಟಿಕ್ ಬಂದದ್ದರಿಂದ. 2014ರಲ್ಲಿ ಮಾರುತಿ ಸೆಲೆರಿಯೊ ಅಗ್ಗದ ‘ಎಎಂಟಿ’ ಆಟೊಮ್ಯಾಟಿಕ್ ತಂದು ಅದನ್ನು ಮಧ್ಯಮ ವರ್ಗದ ಮನೆಗೆ ಮುಟ್ಟಿಸಿತು. ಅಂಥವರು ಆಟೊಮ್ಯಾಟಿಕ್ಕನ್ನೇ ಕೊಳ್ಳಲಿ, ಪ್ಯಾಡಲ್ ಇಲ್ಲದ ಸಾದಾ ಗಾಡಿಯೇ ಸಾಕು. ಸ್ಪೋರ್ಟ್ಸ್ ಕಾರೆಂದು ಹೆಚ್ಚು ಹಣ ತೆತ್ತು, ಪ್ಯಾಡಲ್ಲನ್ನು ಮೊದಲ ವಾರ ಎಳೆದು ಆಮೇಲೆ ‘ಡಿ’ಯಲ್ಲೇ ಬಿಡುವುದು ಮಾತ್ರ ದುಂದು.

ಕಲಿಯುವವರಿಗೆ ಇನ್ನೊಂದು ಮಾತು. ಬೈಕಿಗೆ ಗೇರ್ ಇರುವ, ಇಲ್ಲದ ಎಂದು ಲೈಸೆನ್ಸಿನಲ್ಲೇ ಎರಡು ವಿಧ ಮಾಡಿರುವ ನಮ್ಮ ಸಾರಿಗೆ ಇಲಾಖೆ ಕಾರಿಗೆ ಆ ಭೇದ ಮಾಡಿಲ್ಲ. ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ ನೆಲೆಸಿದವರು ಭಾರತದ ಲೈಸೆನ್ಸಿನಲ್ಲಿ ಓಡಿಸಬಹುದಾದದ್ದು 12 ತಿಂಗಳು, ಆಮೇಲೆ ಪರೀಕ್ಷೆ ಕೊಡಬೇಕು. ಆಟೊಮ್ಯಾಟಿಕ್ಕಿನಲ್ಲಿ ಪಾಸಾದವರು ಮ್ಯಾನುಯಲ್ ಕಾರು ಮುಟ್ಟುವಂತಿಲ್ಲ. ಹಡಗಲಿಯ ಹೊಲದಲ್ಲಿ ಅಪ್ಪನ ಟ್ರ್ಯಾಕ್ಟರ್ ಮೇಲೆ ಕ್ಲಚ್ ಹದ ಕಲಿತ ಹುಡುಗನಿಗೆ ಲಂಡನ್ನಿನಲ್ಲೂ ಆ ಕಟ್ಟಿಲ್ಲ.

ಟೆಸ್ಟ್ ಡ್ರೈವ್‌ಗೆಂದು ಎಷ್ಟೋ ಶೋರೂಮುಗಳು ಆಟೊಮ್ಯಾಟಿಕ್ ಗಾಡಿ ಒಂದನ್ನೇ ಇಟ್ಟುಕೊಂಡಿರುತ್ತವೆ. ಮುಂಗಡ ಕೊಡುವ ಮುನ್ನ ಮ್ಯಾನುಯಲ್ ತರಿಸಿ ಎಂದು ಪಟ್ಟು ಹಿಡಿಯಿರಿ, ಸಾಧ್ಯವಾದರೆ ಹೆದ್ದಾರಿ ಬಿಟ್ಟು ಒಳರಸ್ತೆಯಲ್ಲಿ ಓಡಿಸಿ ನೋಡಿ, ಆಮೇಲೆ ಚೆಕ್ ಬರೆಯಿರಿ.