ಹಲ್ಲು ಹೋದ ಜಾಗಕ್ಕೆ ಏನು ಹಾಕಿಸಬೇಕು? ಸೆಟ್ಟೋ, ಬ್ರಿಡ್ಜೋ, ಇಂಪ್ಲಾಂಟೋ?

ಹುಳುಕು ಹಿಡಿದ ದವಡೆ ಹಲ್ಲನ್ನು ಕೀಳಿಸಿಯಾಯಿತು. ನೋವು ಹೋಯಿತು, ಗಾಯವೂ ಮಾಯಿತು. ಆದರೆ ಕೋರಿ ರೊಟ್ಟಿ ಅಗಿಯುವಾಗಲೆಲ್ಲ ನಾಲಗೆ ಖಾಲಿ ಜಾಗಕ್ಕೇ ಹೋಗುತ್ತದೆ. ಮನೆಯಲ್ಲಿ ಒಬ್ಬರು "ಒಂದು ಹಲ್ಲು ತಾನೇ, ಬಿಡು" ಎನ್ನುತ್ತಾರೆ. ಇನ್ನೊಬ್ಬರು "ಸೆಟ್ ಹಾಕಿಸು" ಎನ್ನುತ್ತಾರೆ. ಜಾಹೀರಾತುಗಳು ಜೀವನಪೂರ್ತಿ ಬಾಳುವ ಇಂಪ್ಲಾಂಟ್ ಬಗ್ಗೆ ಹೇಳುತ್ತವೆ. ಮಂಗಳೂರಿನಲ್ಲಿ ದಂತವೈದ್ಯರಿಗೇನೂ ಬರವಿಲ್ಲ. ಲೈಟ್‌ಹೌಸ್ ಹಿಲ್, ಕುಂಟಿಕಾನ, ದೇರಳಕಟ್ಟೆ, ಮುಕ್ಕ ಎಂದು ನಗರ ಮತ್ತು ಅದರ ಆಸುಪಾಸಿನಲ್ಲೇ ಐದು ದಂತ ಕಾಲೇಜುಗಳಿವೆ. ಕೊರತೆ ಇರುವುದು ಆಯ್ಕೆ ಮಾಡಿಕೊಳ್ಳಲು ಬೇಕಾದ ಮಾಹಿತಿಗೆ. ಅದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಹಾಗೆಯೇ ಬಿಟ್ಟರೆ ಏನಾಗುತ್ತದೆ?

ಹಲ್ಲು ಕಿತ್ತ ಮೇಲೆ ಅದನ್ನು ಹಿಡಿದಿದ್ದ ಮೂಳೆಗೆ ಕೆಲಸವಿಲ್ಲ, ಹಾಗಾಗಿ ಅದು ಸವೆಯುತ್ತದೆ. ಮೊದಲ ಒಂದು ವರ್ಷದಲ್ಲೇ ಆ ಜಾಗದ ಮೂಳೆಯ ಅಗಲ ಸುಮಾರು ಅರ್ಧದಷ್ಟು ಕಡಿಮೆಯಾಗಬಹುದು. ಪಕ್ಕದ ಹಲ್ಲುಗಳು ಖಾಲಿ ಜಾಗಕ್ಕೆ ವಾಲಬಹುದು, ಎದುರಿನ ಹಲ್ಲು ಉದ್ದಕ್ಕೆ ಬೆಳೆದಂತೆ ಇಳಿಯಬಹುದು.

ಹಾಗೆಂದು ಪ್ರತಿ ಹಲ್ಲನ್ನೂ ತುಂಬಿಸಲೇಬೇಕು ಎಂದಿಲ್ಲ. ಬುದ್ಧಿಹಲ್ಲು ಹೋದರೆ ಬದಲಿ ಹಲ್ಲು ಬೇಕಾಗುವುದಿಲ್ಲ. ಮುಂದಿನ ಹಲ್ಲುಗಳೂ ಸಣ್ಣ ದವಡೆ ಹಲ್ಲುಗಳೂ ಗಟ್ಟಿಯಾಗಿದ್ದರೆ, ಹಿಂದಿನ ದವಡೆ ಹಲ್ಲುಗಳಿಲ್ಲದೆಯೂ ಅನೇಕರು ಚೆನ್ನಾಗಿಯೇ ಅಗಿಯುತ್ತಾರೆ. ನೆದರ್ಲೆಂಡ್ಸಿನ ದಂತತಜ್ಞ ಆರ್ಂಡ್ ಕೈಸರ್ 1981ರಲ್ಲೇ ಇದನ್ನು ತೋರಿಸಿದ್ದರು. ಹಾಗಾಗಿ ಸುಮ್ಮನೆ ಬಿಡುವುದೂ ಒಂದು ಆಯ್ಕೆಯೇ. ಆದರೆ ಅದನ್ನು ವೈದ್ಯರೊಂದಿಗೆ ಮಾತಾಡಿ ನಿರ್ಧರಿಸಬೇಕು, ಮರೆತು ಕೂರುವುದು ಬೇರೆ.

ಮೂರು ದಾರಿಗಳು

ತೆಗೆದು ಹಾಕುವ ಸೆಟ್: ಖರ್ಚು ಕಡಿಮೆ. ಪಕ್ಕದ ಹಲ್ಲುಗಳನ್ನು ಹೆಚ್ಚು ಕೊರೆಯಬೇಕಾಗಿಲ್ಲ. ಬೇಡವಾದರೆ ತೆಗೆದಿಟ್ಟು ಬೇರೆ ದಾರಿ ಹಿಡಿಯಬಹುದು. ಆದರೆ ಬಾಯಲ್ಲಿ ಏನೋ ಇದೆ ಎಂಬ ಭಾವನೆ ಹೋಗಲು ಸಮಯ ಬೇಕು, ಗಟ್ಟಿ ತಿಂಡಿ ಅಗಿಯುವುದು ಕಷ್ಟ. ರಾತ್ರಿ ತೆಗೆದು, ತೊಳೆದು, ನೀರಿನಲ್ಲಿ ಹಾಕಿಡಬೇಕು.

ಬ್ರಿಡ್ಜ್: ಎರಡು ಬದಿಯ ಹಲ್ಲುಗಳಿಗೆ ಕ್ಯಾಪ್ ಹಾಕಿ, ನಡುವೆ ಕೃತಕ ಹಲ್ಲನ್ನು ಕೂರಿಸುತ್ತಾರೆ. ಕೆಲವೇ ಭೇಟಿಗಳಲ್ಲಿ ಕೆಲಸ ಮುಗಿಯುತ್ತದೆ. ಇದಕ್ಕೆ ತೆರುವ ಬೆಲೆಯೆಂದರೆ ಪಕ್ಕದ ಹಲ್ಲುಗಳು. ಕ್ಯಾಪ್ ಕೂರಲು ಅವುಗಳ ಹೊರಗೆ ಕಾಣುವ ಭಾಗದ ಅರ್ಧಕ್ಕಿಂತ ಹೆಚ್ಚನ್ನು ಕೊರೆಯಬೇಕಾಗಬಹುದು. ಕೊರೆದದ್ದು ಮತ್ತೆ ಬೆಳೆಯುವುದಿಲ್ಲ. ಆ ಹಲ್ಲುಗಳಿಗೆ ಮೊದಲೇ ಕ್ಯಾಪ್ ಅಥವಾ ದೊಡ್ಡ ಫಿಲ್ಲಿಂಗ್ ಇದ್ದರೆ ನಷ್ಟ ಕಡಿಮೆ. ಅವು ಪೂರ್ತಿ ಆರೋಗ್ಯವಾಗಿದ್ದರೆ ಎರಡು ಸಲ ಯೋಚಿಸಬೇಕು.

ಇಂಪ್ಲಾಂಟ್: ದವಡೆಯ ಮೂಳೆಗೆ ಟೈಟಾನಿಯಂ ಸ್ಕ್ರೂ ಕೂರಿಸಿ, ಮೂಳೆ ಅದಕ್ಕೆ ಬೆಸೆದುಕೊಂಡ ಮೇಲೆ ಹಲ್ಲು ಜೋಡಿಸುತ್ತಾರೆ. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೊನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಇದನ್ನು ಹಾಕಿದರು. ಆ ರೋಗಿ ತೀರಿಕೊಂಡದ್ದು ನಾಲ್ಕು ದಶಕಗಳ ನಂತರ, ಅಲ್ಲಿಯವರೆಗೂ ಇಂಪ್ಲಾಂಟ್ ಕೆಲಸ ಮಾಡುತ್ತಲೇ ಇತ್ತು. ಪಕ್ಕದ ಹಲ್ಲುಗಳನ್ನು ಮುಟ್ಟಬೇಕಿಲ್ಲ ಎಂಬುದು ಇದರ ದೊಡ್ಡ ಲಾಭ. ಖರ್ಚು ಮಾತ್ರ ಮೂರರಲ್ಲಿ ಹೆಚ್ಚು, ಸಾಮಾನ್ಯವಾಗಿ ಕೆಲವು ತಿಂಗಳು ಕಾಯಲೂಬೇಕು.

'ಜೀವನಪೂರ್ತಿ ಗ್ಯಾರಂಟಿ' ನಿಜವೇ?

ಇಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕಹಾಕಿ 2007ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, 10 ವರ್ಷಗಳ ನಂತರ ಉಳಿದಿದ್ದ ಸಾಮಾನ್ಯ ಬ್ರಿಡ್ಜ್‌ಗಳು ಶೇ. 89.2, ಒಂಟಿ ಹಲ್ಲಿನ ಇಂಪ್ಲಾಂಟ್ ಕ್ಯಾಪ್‌ಗಳು ಶೇ. 89.4. ಅಂದರೆ ಬಾಳಿಕೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಕೆಡುವ ಬಗೆಯಲ್ಲಿ. ಬ್ರಿಡ್ಜ್ ಕೆಟ್ಟಾಗ ಅದನ್ನು ಹೊತ್ತ ಹಲ್ಲಿಗೆ ಹುಳುಕು ಹಿಡಿದು, ಒಂದು ಹಲ್ಲಿನ ನಷ್ಟ ಎರಡಾಗಬಹುದು. ಇಂಪ್ಲಾಂಟಿಗೆ ಹುಳುಕು ಹಿಡಿಯದು ನಿಜ, ಆದರೆ ಅದರ ಸುತ್ತಲಿನ ಒಸಡು, ಮೂಳೆಗೆ ಸೋಂಕು ತಗಲಬಹುದು. ಹಾಗಾಗಿ ಅದಕ್ಕೂ ದಿನವೂ ಬ್ರಷ್ ಬೇಕು, ಆಗಾಗ ತಪಾಸಣೆ ಬೇಕು.

ವಯಸ್ಸಾದವರಿಗೆ ಇಂಪ್ಲಾಂಟ್ ಆಗದು ಎಂಬುದೂ ತಪ್ಪು ನಂಬಿಕೆಯೇ. ವಯಸ್ಸಿಗಿಂತ ಮೂಳೆಯ ಪ್ರಮಾಣ, ಒಸಡಿನ ಆರೋಗ್ಯ, ಸಕ್ಕರೆ ಕಾಯಿಲೆಯ ಹತೋಟಿ ಮುಖ್ಯ. ಕಾಯಬೇಕಾದವರು ದವಡೆ ಇನ್ನೂ ಬೆಳೆಯುತ್ತಿರುವ ಹದಿಹರೆಯದವರು. ಬೀಡಿ, ಸಿಗರೇಟು ಸೇದುವವರಲ್ಲಿ ಇಂಪ್ಲಾಂಟ್ ವಿಫಲವಾಗುವ ಸಾಧ್ಯತೆ ಹೆಚ್ಚು. ನಮ್ಮ ಕರಾವಳಿಯಲ್ಲಿ ಇನ್ನೊಂದು ಮಾತನ್ನು ಸೇರಿಸಲೇಬೇಕು: ವರ್ಷಗಟ್ಟಲೆ ಅಡಿಕೆ ಜಗಿದು ಬಾಯಿ ಪೂರ್ತಿ ತೆರೆಯದಂತಾದರೆ ಈ ಯಾವ ಚಿಕಿತ್ಸೆಯೂ ಸುಲಭವಲ್ಲ. ಅಂಥವರು ಮೊದಲು ಬಾಯಿಯ ತಪಾಸಣೆ ಮಾಡಿಸಿಕೊಳ್ಳಬೇಕು.

ವೈದ್ಯರಲ್ಲಿ ಕೇಳಬೇಕಾದದ್ದು

ಈ ಹಲ್ಲನ್ನು ತುಂಬಿಸದಿದ್ದರೆ ನನ್ನ ಬಾಯಲ್ಲಿ ಏನಾಗುತ್ತದೆ? ಪಕ್ಕದ ಹಲ್ಲುಗಳು ಎಷ್ಟು ಆರೋಗ್ಯವಾಗಿವೆ? ಮೂಳೆ ಸಾಕಷ್ಟಿದೆಯೇ? ಸ್ಕ್ರೂ, ಕ್ಯಾಪ್, ಎಕ್ಸ್‌ರೇ, ಮುಂದಿನ ತಪಾಸಣೆ ಎಲ್ಲ ಸೇರಿ ಒಟ್ಟು ಖರ್ಚೆಷ್ಟು? ಕೊನೆಯದಾಗಿ, ಇದು ಕೆಟ್ಟರೆ ನನಗೆ ಏನು ಉಳಿಯುತ್ತದೆ? ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ ಎಂಬುದು ನಮ್ಮ ಅಭಿಪ್ರಾಯ.

ಹಣದ ಅಡಚಣೆ ಇದ್ದರೆ ದಂತ ಕಾಲೇಜುಗಳಲ್ಲಿ ವಿಚಾರಿಸಿ. ಅಲ್ಲಿ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಕೊಡುತ್ತಾರೆ. ಭೇಟಿಗಳು ಹೆಚ್ಚಾಗಬಹುದು, ಖರ್ಚು ಸಾಮಾನ್ಯವಾಗಿ ಕಡಿಮೆ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡಲೆಂದು ರಾಜ್ಯ ಸರ್ಕಾರ ತಂದ 'ದಂತಭಾಗ್ಯ' ಯೋಜನೆಯ ಬಗ್ಗೆಯೂ ಅಲ್ಲೇ ಕೇಳಿ.

ಕೈಯಲ್ಲಿ ಹಣವಿಲ್ಲವೆಂದು ಸದ್ಯಕ್ಕೆ ಸೆಟ್ ಹಾಕಿಸಿಕೊಂಡವರು ಸೋತಂತಲ್ಲ. ಪಕ್ಕದ ಹಲ್ಲುಗಳು ಉಳಿದಿದ್ದರೆ ಮುಂದಿನ ದಾರಿಗಳೂ ಉಳಿದಿರುತ್ತವೆ.