ಕಂಡದ್ದನ್ನು ಕಂಡ ಹಾಗೆ ಹೇಳಿದಾಕೆ



ಹನ್ನೊಂದು ವರ್ಷದ ಹುಡುಗಿ ಹೇಗಿರುತ್ತಾಳೆಂದು ನಿಮಗೆ ಹೇಳಬೇಕೆ? ಹೋದ ವರ್ಷ ಹೊಲಿಸಿದ ಲಂಗ ಈಗಲೇ ಗಿಡ್ಡವಾಗಿರುತ್ತದೆ. ಜಡೆ ಹೆಣೆಯಲು ಮಾತ್ರ ಇನ್ನೂ ಅಮ್ಮನೇ ಬೇಕು. ಅಂಥ ಮಗುವಿಗೆ ಜೀವಾವಧಿ ಶಿಕ್ಷೆ ಅಂದರೆ “ಅಯ್ಯೋ, ಎಲ್ಲಾದರೂ ಉಂಟೇ!” ಅಂತೀರಿ. ಹಾಗೆ ನಡೆದಿತ್ತು. ಅದನ್ನು ಹೊರಗೆ ತಂದವಳು ಅಲ್ಲೇ ಕೆಲಸ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳು.

ಆಫ್ರಿಕಾದ ಕೀನ್ಯಾ ಆಗ ಬ್ರಿಟಿಷರ ವಸಾಹತು. ಅಲ್ಲಿನ ಫಲವತ್ತಾದ ಎತ್ತರದ ನೆಲ ಬಿಳಿಯರ ಪಾಲಾಗಿತ್ತು. ಭೂಮಿ ಕಳೆದುಕೊಂಡ ಕಿಕುಯು ಜನರ ನಡುವೆ ಮೌ ಮೌ ದಂಗೆ ಎದ್ದಿತು. 1952ರ ಅಕ್ಟೋಬರ್ 20ರಂದು ಗವರ್ನರ್ ಎವೆಲಿನ್ ಬೇರಿಂಗ್ ತುರ್ತುಪರಿಸ್ಥಿತಿ ಘೋಷಿಸಿದರು. ಅಲ್ಲಿಂದ ಮುಂದೆ ವಿಚಾರಣೆಯಿಲ್ಲದೆ ಯಾರನ್ನು ಬೇಕಾದರೂ ಶಿಬಿರಕ್ಕೆ ತಳ್ಳಬಹುದಾಯಿತು. ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮಠ ಬಿಡಿಸಿ ಕಾವಲಿನ ಹಳ್ಳಿಗಳಿಗೆ ತುಂಬಿದರು. ಸಾವಿರಕ್ಕೂ ಹೆಚ್ಚು ಮಂದಿಯನ್ನು ಗಲ್ಲಿಗೇರಿಸಿದರು. ಕಾಡಿನಲ್ಲಿದ್ದ ಬಂಡುಕೋರರಿಗೆ ಊಟ ಒಯ್ದರೂ ಅಪರಾಧ. ಹಸಿದು ಬಂದವರಿಗೆ ಬಡಿಸುವ ಕೈ ನಮ್ಮದಲ್ಲವೇ? ಹಾಗಾಗಿ ಹೆಂಗಸರೂ ಸೆರೆಮನೆ ಸೇರಿದರು.

ಈ ಸ್ತ್ರೀಯರನ್ನೂ ಹುಡುಗಿಯರನ್ನೂ “ತಿದ್ದುವ” ಅಧಿಕಾರಿಯಾಗಿ 1954ರ ಕೊನೆಗೆ ಇಂಗ್ಲೆಂಡಿನಿಂದ ಬಂದವಳು ಐಲೀನ್ ಫ್ಲೆಚರ್. ಸಮಾಜಸೇವೆಯಲ್ಲಿ ಪಳಗಿದವಳು, ಕ್ವೇಕರ್ ಪಂಥದವಳು. ಸರ್ಕಾರಿ ಹುದ್ದೆ, ಸಂಬಳ, ಗೌರವ ಎಲ್ಲವೂ ಇತ್ತು. ನೈರೋಬಿಯ ಬಳಿ ಕಮೀತಿ ಸೆರೆಮನೆಯಲ್ಲಿ ಹನ್ನೊಂದು, ಹನ್ನೆರಡರ ವಯಸ್ಸಿನ ಹುಡುಗಿಯರನ್ನು ಕಂಡಳು. “ಆಯುಧ ಹಿಡಿದವರ ಸಹವಾಸ” ಎಂಬ ಆರೋಪ, ಅದಕ್ಕೆ ಜೀವಾವಧಿ ಶಿಕ್ಷೆ! ಅವಳಿಗೆ ಅಲ್ಲಿ ಏಳು ತಿಂಗಳಿಗಿಂತ ಹೆಚ್ಚು ನಿಲ್ಲಲಾಗಲಿಲ್ಲ. ರಾಜೀನಾಮೆ ಕೊಟ್ಟು ಊರಿಗೆ ಮರಳಿದಳು.

ಅಷ್ಟಕ್ಕೇ ಸುಮ್ಮನಾಗಿದ್ದರೆ ಯಾರೂ ಅವಳನ್ನು ದೂರುತ್ತಿರಲಿಲ್ಲ. “ನನ್ನ ಕೈಲಾಗಲಿಲ್ಲ, ಬಿಟ್ಟು ಬಂದೆ” ಅಂದರೆ ಮುಗಿಯುತ್ತಿತ್ತು. ಅವಳು ಹಾಗೆ ಮಾಡಲಿಲ್ಲ. 1956ರ ಮೇ ತಿಂಗಳಲ್ಲಿ ಲಂಡನ್ನಿನ ‘ಪೀಸ್ ನ್ಯೂಸ್’ ಪತ್ರಿಕೆಯಲ್ಲಿ ಎಲ್ಲವನ್ನೂ ಬರೆದಳು. ಪಾರ್ಲಿಮೆಂಟಿನಲ್ಲಿ ಬಾರ್ಬರಾ ಕ್ಯಾಸಲ್ ಎಂಬ ಸದಸ್ಯೆ ಈ ವಿಷಯ ಹಿಡಿದು ಮಂತ್ರಿಯನ್ನು ಕೇಳಿದಳು. ಮಂತ್ರಿ ಲೆನಾಕ್ಸ್-ಬಾಯ್ಡ್ ಹುಡುಗಿಯರ ವಯಸ್ಸಿನ ಬಗ್ಗೆಯೇ ತಕರಾರು ತೆಗೆದರು, ಫ್ಲೆಚರ್ ಮಾತನ್ನು ನಂಬಬೇಡಿ ಎನ್ನುವಂತೆ ವಾದಿಸಿದರು. ನೋಡಿ, ಮಗು ಏಕೆ ಜೈಲಿನಲ್ಲಿದೆ ಎಂಬ ಪ್ರಶ್ನೆಗೆ ಉತ್ತರ, ಅದು ಅಷ್ಟು ಚಿಕ್ಕದಲ್ಲ ಎಂಬುದು!

ತುರ್ತುಪರಿಸ್ಥಿತಿ 1960ರ ಜನವರಿವರೆಗೂ ಇತ್ತು. 2013ರಲ್ಲಿ ಬ್ರಿಟನ್ ವಿಷಾದ ಸೂಚಿಸಿ, 5,228 ಮಂದಿ ಸಂತ್ರಸ್ತರಿಗೆ ಖರ್ಚೂ ಸೇರಿ ಸುಮಾರು ಎರಡು ಕೋಟಿ ಪೌಂಡ್ ಕೊಡಲು ಒಪ್ಪಿತು. ಅಷ್ಟು ಹೊತ್ತಿಗೆ ಅಂದಿನ ಹುಡುಗಿಯರು ಅಜ್ಜಿಯರಾಗಿದ್ದರು. ಎಷ್ಟೋ ಜನ ಉಳಿದೇ ಇರಲಿಲ್ಲ.

ಇದನ್ನು ನಿಮಗೇಕೆ ಬರೆದೆ ಗೊತ್ತೇ? ನಮ್ಮ ಹೆಣ್ಣುಮಕ್ಕಳು ಈಗ ನರ್ಸು, ಟೀಚರು, ಹಾಸ್ಟೆಲಿನ ವಾರ್ಡನ್ನು, ಅಂಗನವಾಡಿ ಕಾರ್ಯಕರ್ತೆ. ಬೇರೆಯವರ ಮಕ್ಕಳು ಅವರ ಕೈಯಲ್ಲಿದ್ದಾರೆ. ಕೆಲಸ ಸಿಕ್ಕಿತೆಂದು ಸಿಹಿ ಹಂಚುತ್ತೇವೆ, ಸಂತೋಷವೇ. ಆದರೆ ಒಂದು ಸಂಜೆ ಮಗಳು ಬಂದು “ಅಮ್ಮಾ, ಅಲ್ಲಿ ಏನೋ ಸರಿಯಿಲ್ಲ” ಅಂದರೆ, “ನಿನಗ್ಯಾಕೆ ಊರ ಉಸಾಬರಿ, ಸಂಬಳ ಬಂದರೆ ಸಾಕು” ಅನ್ನಬೇಡಿ. ಒಲೆ ಆರಿಸಿ ಹತ್ತು ನಿಮಿಷ ಪಕ್ಕದಲ್ಲಿ ಕೂತು ಕೇಳಿ. ಹೊರಗೆ ಹೇಳುವ ಧೈರ್ಯ ಮೊದಲು ಮನೆಯಲ್ಲೇ ಬರಬೇಕು.